ಅಜ್ಜಂಪುರದ ಬೋಣಿ

ಅವರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ನಡುವೆ ಒಂದು ನೀಲಿ ಹೆಬ್ಬೆಟ್ಟಿನ ಗುರುತು. ವಿಭೂತಿ ಬೆಳಿಗ್ಗೆ ಮನೆಯಲ್ಲಿ ಲಿಂಗಪೂಜೆ ಮುಗಿಸಿ ಹಚ್ಚಿಕೊಂಡದ್ದು. ನೀಲಿ ಮಾತ್ರ ಕಡೂರಿನ ಛತ್ರದ ಮಹಡಿಯ ಮೇಲೆ ಬರುತ್ತಿತ್ತು. ಆರ್ಡರ್ ಪುಸ್ತಕದ ಹಾಳೆಗಳ ನಡುವೆ ಕಾರ್ಬನ್ ಕಾಗದ ಇಟ್ಟು, ಸುಕ್ಕಾಗದಂತೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸವರುವುದು ಅವರ ಅಭ್ಯಾಸ. ದಿನದ ಮೊದಲ ಆರ್ಡರ್ ಬರೆದ ಕೂಡಲೇ ಪುಸ್ತಕವನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆಗ ಹೆಬ್ಬೆರಳು ಹಣೆಗೆ ತಾಕುತ್ತಿತ್ತು. ಮೆಟ್ಟಿಲು ಹತ್ತಿ ಬಂದ ಅಂಗಡಿಯವರು ಮೊದಲು ನೋಡುತ್ತಿದ್ದದ್ದು ಅವರ ಹಣೆಯನ್ನೇ. ನೀಲಿ ಕಂಡರೆ ಬೋಣಿ ಆಗಿದೆ ಎಂದು ಅರ್ಥ, ಇನ್ನು ಧೈರ್ಯವಾಗಿ ಚೌಕಾಸಿಗೆ ಇಳಿಯಬಹುದು. ಕಾಣದಿದ್ದರೆ ಸುಮ್ಮನೆ ಒಂದು ಕಡೆ ಕೂರುವುದೇ ಒಳ್ಳೆಯದು.

ನಾವೆಲ್ಲ ಅವರನ್ನು ಏಜೆಂಟರು ಎನ್ನುತ್ತಿದ್ದೆವು. ಮನೆ ತರೀಕೆರೆಯಲ್ಲಿ. ಬೆಂಗಳೂರಿನ ಚಿಕ್ಕಪೇಟೆಯ ಒಂದು ಸಗಟು ಅಂಗಡಿಯ ಪರವಾಗಿ ಸಿದ್ಧ ಉಡುಪುಗಳಿಗೆ ಆರ್ಡರ್ ಹಿಡಿಯುವುದು ಅವರ ಕೆಲಸ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಸಿದ್ಧ ಉಡುಪು ಹೊಸದು. ಹಬ್ಬಕ್ಕೆ ಬಟ್ಟೆ ಹರಿಸಿ ದರ್ಜಿಯ ಮನೆ ಬಾಗಿಲು ಕಾಯುತ್ತಿದ್ದವರು ಆಗತಾನೇ ಹೊಲಿದ ಫ್ರಾಕು, ಹೊಲಿದ ಅಂಗಿ ಕೇಳಿಕೊಂಡು ಅಂಗಡಿಗೆ ಬರತೊಡಗಿದ್ದರು. ವರ್ಷಕ್ಕೆ ಎರಡು ಸಲ, ದೀಪಾವಳಿಗೆ ಮುಂಚೆ ಮತ್ತು ಯುಗಾದಿಗೆ ಮುಂಚೆ, ಏಜೆಂಟರೆಲ್ಲ ಸೇರಿ ಕಡೂರಿನ ಛತ್ರದ ಮಹಡಿಯಲ್ಲಿ ಎರಡು ದಿನ ಜವಳಿ ಮೇಳ ನಡೆಸುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಜಮಖಾನ, ಗೋಡೆಗೆ ಕಟ್ಟಿದ ಹಗ್ಗ, ಹಗ್ಗಕ್ಕೆ ನೇತುಹಾಕಿದ ಮಾದರಿ ಉಡುಪು. ಹಿರೇನಲ್ಲೂರು, ಲಿಂಗದಹಳ್ಳಿ, ಬೀರೂರು, ತರೀಕೆರೆಯ ಅಂಗಡಿಯವರು ಬಂದು, ಬಟ್ಟೆ ಹಿಸುಕಿ ನೋಡಿ, ಇಂಥ ಮಾದರಿ ಇಂಥ ಸೈಜಿನಲ್ಲಿ ಇಷ್ಟು ಡಜನ್ ಎಂದು ಬರೆಸಿ ಹೋಗುತ್ತಿದ್ದರು. ಹಬ್ಬಕ್ಕೆ ಮುಂಚೆ ಲಾರಿಯಲ್ಲಿ ಮಾಲು ಬಂದು ಇಳಿಯುತ್ತಿತ್ತು.

ನಾನು ಆ ಮಹಡಿಯ ಮೆಟ್ಟಿಲು ಹತ್ತಿದ್ದು ನಮ್ಮ ಯಜಮಾನರು ತೀರಿಕೊಂಡ ವರ್ಷ. ಅಜ್ಜಂಪುರದ ಪೇಟೆ ಬೀದಿಯಲ್ಲಿ ಅವರದೊಂದು ಪುಟ್ಟ ಜವಳಿ ಅಂಗಡಿ. ನನಗೂ ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಅದೊಂದೇ ಆಧಾರ. ನನ್ನ ಮೈದುನನಿಗೆ ಆ ಅಂಗಡಿಯ ಮೇಲೆ ಕಣ್ಣಿತ್ತು. ಕೆಟ್ಟವನೇನಲ್ಲ, ಆದರೆ ಹೆಂಗಸು ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಅವನಿಗೆ ನುಂಗಲಾರದ ತುತ್ತಾಗಿತ್ತು. "ಅತ್ಗೆ, ದೀಪಾವಳಿಗೆ ನೀವೇ ಮಾಲ್ ತರ್ಸಿ ಅಂಗ್ಡಿ ತುಂಬ್ಸಿದ್ರೆ ನಾನ್ ಬಾಯಿ ಮುಚ್ಕಂಡಿರ್ತೀನಿ. ಆಗ್ಲಿಲ್ಲ ಅಂದ್ರೆ ಬೀಗದ್ ಕೈ ನಂಗೆ ಕೊಟ್ಬಿಡಿ" ಎಂದ. ಮಾವನವರು ಜಗುಲಿಯ ಮೇಲೆ ಕೂತು ಕೇಳಿಸಿಕೊಂಡರು, ಬೇಡ ಎನ್ನಲಿಲ್ಲ. ಹೂಂ ಎಂದೆ. ಬೇರೆ ದಾರಿ ಇರಲಿಲ್ಲ.

ಮೇಳದ ಮೊದಲ ದಿನ ಬಿಳಿ ಸೀರೆಯುಟ್ಟು, ಬೆಳಗಿನ ಪ್ಯಾಸೆಂಜರ್ ರೈಲಿಗೆ ಕಡೂರಿಗೆ ಹೋದೆ. ಎಲ್ಲರಿಗಿಂತ ಮುಂಚೆ ತಲುಪಿದ್ದೇ ತಪ್ಪಾಯಿತು. ಮೊದಲನೇ ಜಮಖಾನದ ಹತ್ತಿರ ಹೋದರೆ ಆ ಏಜೆಂಟ್ ನನ್ನ ಹಣೆ ನೋಡಿ, ಸೀರೆ ನೋಡಿ, "ಒಂದ್ ಗಳಿಗೆ ತಡೀರಿ ತಾಯಿ, ಬೋಣಿ ಆಗ್ಲಿ" ಎಂದ. ಎರಡನೆಯವನೂ ಅದನ್ನೇ ಹೇಳಿದ. ಇವರೆಲ್ಲ ಶರಣರ ಹೆಸರು ಹೇಳುವ ಮನೆಗಳವರೇ. ಕಟ್ಟಿಕೊಂಡ ಲಿಂಗ ಒಂದೇ, ಹಚ್ಚಿಕೊಂಡ ವಿಭೂತಿ ಒಂದೇ, ಆದರೆ ಗಂಡ ಸತ್ತವಳ ಕೈಯಿಂದ ಮೊದಲ ವ್ಯಾಪಾರ ಮಾತ್ರ ಆಗದು. ತಡೆದೆ. ಬೋಣಿಯಾದ ಮೇಲೆ ಗಂಡಸರು ಜಮಖಾನದ ಸುತ್ತ ಮುತ್ತಿಕೊಂಡು ಕೂತರು. ಸಂದಿಯಲ್ಲಿ ನುಗ್ಗಿ ಕೂರುವುದು ನನ್ನಿಂದಾಗಲಿಲ್ಲ. ಜಾಗ ಬಿಟ್ಟುಕೊಡಬೇಕೆಂದು ಅವರಿಗೂ ತೋಚಲಿಲ್ಲ. ಸಂಜೆಯ ರೈಲಿಗೆ ಬರಿಗೈಯಲ್ಲಿ ವಾಪಸ್ಸು ಬಂದೆ.

ನನ್ನತ್ತೆ ಊಟಕ್ಕಿಟ್ಟು, ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ಹಸಿರು ಇಳಕಲ್ ಸೀರೆಯೊಂದನ್ನು ತಂದು ನನ್ನ ಮಡಿಲಿಗೆ ಹಾಕಿದರು. "ಬಣ್ಣದ ಬಟ್ಟೆ ಮಾರೋಳು ಬಣ್ಣಕ್ಕೆ ಹೆದ್ರಿದ್ರೆ ಹೆಂಗೇ? ನಾಳೆ ಇದುಟ್ಕಂಡ್ ಹೋಗು" ಎಂದರು. ನನಗೆ ಅಳು ಬಂತು. ಅವರು "ಅಳೋದು ಆಮೇಲೆ ಅಳೀವಂತೆ, ಮುದ್ದೆ ಆರ್ತದೆ ಉಣ್ಣು" ಎಂದು ಗದರಿದರು.

ಎರಡನೆಯ ದಿನ ಮೋಡ ಕವಿದಿತ್ತು. ಛತ್ರದಲ್ಲಿ ಕರೆಂಟು ಹೋಗಿ ಮಹಡಿಯೆಲ್ಲ ಮಬ್ಬು. ಮೂಲೆಯಲ್ಲಿ ದಪ್ಪ ಚೌಕಟ್ಟಿನ ಕನ್ನಡಕದ, ಬಿಳಿ ಅಂಗಿಯ ಒಬ್ಬರು ಗಂಟು ಬಿಚ್ಚಿ ಉಡುಪು ಜೋಡಿಸುತ್ತಿದ್ದರು. ಅವರೇ ಈ ಏಜೆಂಟರು. ಹಿಂದಿನ ದಿನ ಅಲ್ಲಿ ಎಷ್ಟು ಜನವೆಂದರೆ ನಾನು ಆ ಮೂಲೆಯ ಕಡೆ ತಲೆಯೇ ಹಾಕಿರಲಿಲ್ಲ. ನೇರವಾಗಿ ಹೋಗಿ ಅವರ ಎದುರಿಗೆ ಕೂತೆ. ಅವರು ತಲೆಯೆತ್ತಿ ನನ್ನ ವಿಭೂತಿ ನೋಡಿದರು, ಹಸಿರು ಸೀರೆ ನೋಡಿದರು.

"ಯಾವೂರಾಯ್ತಮ್ಮ?"

"ಅಜ್ಜಂಪುರ."

"ಯಜಮಾನ್ರು ಬರ್ಲಿಲ್ವಾ?"

"ಅವರಿಲ್ಲ. ಅಂಗ್ಡಿ ನಾನೇ ನೋಡ್ಕತೀನಿ."

ಊರಲ್ಲಿಲ್ಲ ಎಂದು ಅವರು ತಿಳಿದರೆಂಬುದು ನನಗೆ ಆಮೇಲೆ ಗೊತ್ತಾಯಿತು. "ನೋಡ್ಕಳಿ, ನೋಡ್ಕಳಿ. ಯಾರಾದ್ರೂ ನೋಡ್ಕಬೇಕಲ್ಲ" ಎನ್ನುತ್ತ ಫ್ರಾಕೊಂದನ್ನು ನನ್ನ ಕೈಗಿತ್ತರು. ನಾನು ಚಿಕ್ಕ ಸೈಜು ಹೆಚ್ಚು ಬರೆಸಹೊರಟರೆ ತಡೆದರು. "ಇಷ್ಟು ಪುಟ್ಟ ಫ್ರಾಕು ಯಾರಿಗೆ, ಗೊಂಬೆಗಾ? ದೊಡ್ಡ ಸೈಜು ಬರ್ಸಿ. ನಮ್ ಕಡೆ ಮಗೂಗೆ ಸರಿಯಾಗೋ ಅಂಗಿ ಯಾರೂ ತಗಳಲ್ಲ ಕಣಮ್ಮ, ಮುಂದಿನ್ ವರ್ಷಕ್ಕೂ ಆಗೋದ್ ತಗತಾರೆ." ಫ್ರಾಕು, ಲಂಗ, ಅರ್ಧ ಚಡ್ಡಿ, ಟೆರಿಕಾಟ್ ಅಂಗಿ ಎಲ್ಲ ಬರೆದರು. ಪುಸ್ತಕ ಕಣ್ಣಿಗೊತ್ತಿಕೊಂಡರು. ಹಣೆಗೆ ನೀಲಿ ಹತ್ತಿತು.

ಅಷ್ಟರಲ್ಲಿ ಕಡೂರಿನ ದೊಡ್ಡ ಅಂಗಡಿಯ ಸಾಹುಕಾರರೊಬ್ಬರು ಮೆಟ್ಟಿಲು ಹತ್ತಿ ಬಂದರು. ನನ್ನ ಯಜಮಾನರ ಗುರುತಿದ್ದವರು. ನನ್ನನ್ನು ನೋಡಿದರು, ಏಜೆಂಟರ ಹಣೆ ನೋಡಿದರು. "ಏನ್ರೀ, ಯಾರ್ ಕೈಲಿ ಬೋಣಿ ಮಾಡಿಸ್ಕಂಡಿದೀರಿ ಅಂತ ಗೊತ್ತೇನ್ರೀ ನಿಮ್ಗೆ? ಆಯಮ್ಮನ ಗಂಡ ಹೋಗಿ ಆರ್ ತಿಂಗ್ಳೂ ಆಗಿಲ್ಲ" ಎಂದರು. "ಆ ಹಾಳೆ ಹರ್ದಾಕಿ. ಮುಖ ತೊಳ್ಕಂಡ್ ಬನ್ನಿ. ನಾನು ಹೊಸ್ದಾಗಿ ಬೋಣಿ ಮಾಡ್ತೀನಿ, ಅವರ್ದು ಆಮೇಲ್ ಬರ್ಕಳಿ. ಅಲ್ಲೀಗಂಟ ಹೊರಗ್ ಕೂತ್ಕತಾರೆ."

ಏಜೆಂಟರ ಮುಖದ ಬಣ್ಣವೇ ಇಳಿಯಿತು. ಇಲ್ಲೊಂದು ಮಾತು ಹೇಳಿಬಿಡಬೇಕು. ಅವರು ಸುಧಾರಕರೇನೂ ಅಲ್ಲ, ಬೋಣಿಯ ವಿಷಯದಲ್ಲಿ ಆ ಮಹಡಿಯ ಮೇಲೆ ಅವರಷ್ಟು ಹುಚ್ಚು ನಂಬಿಕೆಯವರು ಇನ್ನೊಬ್ಬರಿರಲಿಲ್ಲ. ರಾಹುಕಾಲದಲ್ಲಿ ಗಂಟು ಬಿಚ್ಚುವುದಿಲ್ಲ, ಬೋಣಿಯಾಗುವವರೆಗೆ ತೊಟ್ಟು ನೀರು ಕುಡಿಯುವುದಿಲ್ಲ, ಮೆಟ್ಟಿಲಿನ ಮೇಲೆ ಯಾರಾದರೂ ಸೀನಿದರೆ ಕೆಳಗಿಳಿದು ಮತ್ತೆ ಹತ್ತಿ ಬರುತ್ತಿದ್ದರು. ಆ ಹಾಳೆ ಹರಿದರೆ ನಾನು ಎದ್ದು ಹೋಗುವುದು ಹೊರಗಿನ ಮೊಗಸಾಲೆಗಲ್ಲ, ಸೀದಾ ಊರಿಗೆ ಹೋಗಿ ಮೈದುನನಿಗೆ ಬೀಗದ ಕೈ ಕೊಡುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

"ಕಣ್ಣಿಗೊತ್ಕಂಡಾಯ್ತಲ್ಲ ಸಾಹುಕಾರ್ರೇ" ಎಂದರು ಅವರು. "ಒಂದ್ಸಲ ಕಣ್ಣಿಗೊತ್ಕಂಡಿದ್ನ ಹರ್ದಾಕಕಾಗಲ್ಲ ಕಣ್ರೀ. ಬೋಣಿ ಅಂದ್ರೆ ಬೋಣಿ."

ಅವರು ನನ್ನ ಪರವಾಗಿ ಮಾತಾಡಿದರೆಂದು ಯಾರೂ ತಿಳಿಯಬಾರದು. ಅವರು ಆಡಿದ್ದು ತಮ್ಮ ಬೋಣಿಯ ಪರವಾಗಿ. ಆಮೇಲೆ ನನ್ನ ಮುಖವನ್ನೂ ನೋಡದೆ ನಕಲು ಹಾಳೆ ಹರಿದು ಕೈಗಿಟ್ಟರು. ಸಾಹುಕಾರರು ಎದುರಿನ ಜಮಖಾನಕ್ಕೆ ಹೋಗಿ ಕೂತರು. ನಾನು ಹಾಳೆ ಮಡಿಸಿಕೊಂಡು ಮೆಟ್ಟಿಲಿಳಿದೆ. ದೀಪಾವಳಿಗೆ ಮುಂಚೆ ಲಾರಿ ಬಂತು, ಅಂಗಡಿ ತುಂಬಿತು, ದೊಡ್ಡ ಸೈಜಿನ ಫ್ರಾಕುಗಳೆಲ್ಲ ಹಬ್ಬಕ್ಕೆ ಮೊದಲೇ ಖರ್ಚಾದವು. ಮೈದುನ ಆಡಿದ ಮಾತಿಗೆ ತಪ್ಪಲಿಲ್ಲ. ಬೀಗದ ಕೈ ನನ್ನ ಸೊಂಟದಲ್ಲೇ ಉಳಿಯಿತು.

ಯುಗಾದಿಯ ಮೇಳಕ್ಕೆ ಹೋದಾಗ ಆ ಮೂಲೆಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದೆ. ಅವರ ಗಂಟು ಇನ್ನೂ ಬಿಚ್ಚಿರಲಿಲ್ಲ. ಹಣೆಯಲ್ಲಿ ಬರೀ ವಿಭೂತಿ. ನನ್ನನ್ನು ಕಂಡವರೇ, "ಬನ್ನಿ ಬನ್ನಿ, ಹೊತ್ತಾಯ್ತು. ಗಂಟಲು ಒಣಗ್ತಾ ಇದೆ" ಎಂದು ಗಂಟಿನ ಹಗ್ಗ ಎಳೆದರು. ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಲಿಂಗದಹಳ್ಳಿಯ ಅಂಗಡಿಯವರೊಬ್ಬರು ಗುಟ್ಟು ಹೇಳಿದರು. ಆ ದೀಪಾವಳಿಗೆ ಏಜೆಂಟರಿಗೆ ಹಿಂದೆಂದೂ ಆಗದಷ್ಟು ಆರ್ಡರ್ ಆಗಿತ್ತಂತೆ, ಅಜ್ಜಂಪುರದ ಕೈಗುಣ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರಂತೆ.

ಒಂದು ದಿನವೆಲ್ಲ ಹಿಗ್ಗಿದೆ. ಆಮೇಲೆ ಸಿಟ್ಟು ಬಂತು. ನಾನೇನು ತಾಯತವೇ? ನಿನ್ನೆ ಅಪಶಕುನ, ಇವತ್ತು ಶುಭಶಕುನ. ಎರಡರಲ್ಲೂ ನಾನೆಲ್ಲಿ? ಅಲ್ಲಿ ಕೂತಿದ್ದು ಅಂಗಡಿ ನಡೆಸುವ ಒಬ್ಬ ಹೆಂಗಸು ಎಂಬುದು ಯಾರಿಗೂ ಕಾಣಲಿಲ್ಲವಲ್ಲ. ಮುಂದಿನ ಮೇಳದಲ್ಲಿ ಆರ್ಡರ್ ಬರೆಸಿ ಏಳುವಾಗ ಕೇಳಿಯೇಬಿಟ್ಟೆ: "ವ್ಯಾಪಾರ ಕಮ್ಮಿ ಆದ ವರ್ಷ ಏನ್ಮಾಡ್ತೀರಿ ಏಜೆಂಟ್ರೇ? ಆಗ್ಲೂ ನಂಗೆ ಕಾಯ್ಕಂಡು ಗಂಟು ಬಿಚ್ದೆ ಕೂರ್ತೀರಾ?"

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಆ ವರ್ಷ ಬರ್ಲಿ, ನೋಡಣ" ಎಂದರು.

ಹೀಗೆ ವರ್ಷಗಳು ಕಳೆದವು. ಅವರ ಹತ್ತಿರ ವ್ಯಾಪಾರ ಮಾಡುವುದೆಂದರೆ ಬೈಸಿಕೊಳ್ಳುವುದು. ಬಟ್ಟೆಯನ್ನು ಕಣ್ಣಲ್ಲಿ ನೋಡಿ ಚೆಂದ ಎಂದರೆ, "ನೀವೇನ್ ಅದ್ನ ಗೋಡೆಗ್ ನೇತಾಕ್ತೀರಾ? ಮುಟ್ಟಿ ಮಾತಾಡಿ" ಎನ್ನುತ್ತಿದ್ದರು. ಗುಂಡಿಯ ಕಾಜಾ ಸಡಿಲವಾಗಿದ್ದರೆ ತಮ್ಮದೇ ಮಾಲಾದರೂ ಎತ್ತಿ ಪಕ್ಕಕ್ಕೆ ಎಸೆಯುತ್ತಿದ್ದರು. ಆಸೆಬಿದ್ದು ಹೆಚ್ಚು ಬರೆಸಿದರೆ ಬರೆಯುವುದನ್ನು ನಿಲ್ಲಿಸಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಕೂತುಬಿಡುತ್ತಿದ್ದರು, ನಾವೇ ಇಳಿಸುವವರೆಗೆ. ಆರ್ಡರ್ ಹಿಡಿಯುವವರು ಆರ್ಡರ್ ಬೇಡವೆನ್ನುವುದನ್ನು ನಾನು ಬೇರೆಲ್ಲೂ ಕಾಣೆ. ನನ್ನ ದೊಡ್ಡ ಮಗಳ ಮದುವೆಗೆ ಬಂದು ಮೊದಲ ಪಂಕ್ತಿಯಲ್ಲಿ ಕೂತು ಉಂಡು, ಹುಡುಗನ ಸೂಟಿನ ಹೊಲಿಗೆ ಸರಿಯಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದರು. ನಮ್ಮತ್ತೆ ಅವರನ್ನು ನೋಡಿದ್ದು ಅದೊಂದೇ ಸಲ. ನೋಡಿ, "ಇವ್ನೇ ಏನೇ ಆ ನೀಲಿ ಹಣೆಯೋನು? ಇವತ್ತು ಬರೀ ಬಿಳೀ ಐತಲ್ಲೇ" ಎಂದರು.

ಎಂಬತ್ತರ ದಶಕದ ಮೊದಲಲ್ಲಿ ಆ ಕಮ್ಮಿಯ ವರ್ಷ ಬಂತು. ಅವರ ಸಗಟು ಅಂಗಡಿ ಕಳಿಸಿದ ಕೆಂಪು ಫ್ರಾಕುಗಳು ಒಂದು ಒಗೆತಕ್ಕೆ ಬಣ್ಣ ಬಿಟ್ಟು, ಬಿಳಿ ಕಾಲರಿಗೆಲ್ಲ ಕೆಂಪು ಹತ್ತಿಕೊಂಡಿತು. ಊರೂರಿನಿಂದ ಮಾಲು ವಾಪಸ್ಸು ಹೋಯಿತು. ನನ್ನ ಅಂಗಡಿಗೂ ತಾಯಂದಿರು ಬಂದು ಜಗಳವಾಡಿ ಹೋದರು. ತಪ್ಪು ಬಣ್ಣದ್ದು, ಆದರೆ ಕಡೂರಿನ ಪೇಟೆಯಲ್ಲಿ ಎದ್ದ ಮಾತೇ ಬೇರೆ. "ಮುಂಡೆ ಕೈಲಿ ಬೋಣಿ ಮಾಡಿಸ್ಕಂತಿದ್ರಲ್ಲ, ಇಷ್ಟು ದಿನ ತಡೆದಿದ್ದೇ ಹೆಚ್ಚು" ಎಂದು ಆ ಸಾಹುಕಾರರೇ ಆಡಿದರಂತೆ. ಮಾತು ರೈಲು ಹತ್ತಿ ಅಜ್ಜಂಪುರಕ್ಕೂ ಬಂತು.

ಮುಂದಿನ ಮೇಳದ ದಿನ ನಾನು ಬೆಳಗಿನ ರೈಲಿಗೆ ಹೋಗಲಿಲ್ಲ. ಬೇಕೆಂದೇ ಹೋಗಲಿಲ್ಲ. ಅವರು ನನ್ನ ಹಂಗಿಲ್ಲದೆ ಬೇರೆ ಯಾರ ಕೈಯಿಂದಲಾದರೂ ಬೋಣಿ ಮಾಡಿಸಿಕೊಳ್ಳಲಿ, ನಾನು ಮಧ್ಯಾಹ್ನ ಹೋಗಿ ಎಲ್ಲರಂತೆ ಒಬ್ಬಳಾಗಿ ಬರೆಸಿ ಬರೋಣ ಎಂದುಕೊಂಡೆ. ಮನೆಗೆಲಸ ಮುಗಿಸಿ, ಬಸ್ಸು ಹಿಡಿದು, ಬೀರೂರಿನಲ್ಲಿ ಇನ್ನೊಂದು ಬಸ್ಸಿಗೆ ಕಾದು, ಛತ್ರದ ಮೆಟ್ಟಿಲು ಹತ್ತುವಾಗ ಹೊತ್ತು ನೆತ್ತಿಯಿಂದ ಇಳಿದಿತ್ತು.

ಎಲ್ಲ ಜಮಖಾನಗಳ ಮೇಲೂ ಉಡುಪು ಹರಡಿದ್ದವು. ಮೂಲೆಯಲ್ಲಿ ಮಾತ್ರ ಹಗ್ಗ ಖಾಲಿ. ಗಂಟು ಕಟ್ಟಿದ ಹಾಗೇ ಇತ್ತು. ಅದಕ್ಕೆ ಬೆನ್ನು ಕೊಟ್ಟು ಏಜೆಂಟರು ಕೂತಿದ್ದರು. ಹಣೆಯಲ್ಲಿ ಬರೀ ವಿಭೂತಿ. ತುಟಿ ಬಿಳಿಚಿಕೊಂಡಿತ್ತು. ಅವರ ಹಳೆಯ ಗಿರಾಕಿಗಳು ಕಾದೂ ಕಾದೂ ಬೇಸತ್ತು ಬೇರೆಯವರ ಹತ್ತಿರ ಬರೆಸಿ ಹೋಗಿದ್ದರು. ಹಿರೇನಲ್ಲೂರಿನ ಅಂಗಡಿಯವರೊಬ್ಬರು ಮಾತ್ರ ಪಕ್ಕದಲ್ಲಿ ಕೂತು, "ಹಟ ಬಿಡ್ರೀ, ನಾನಾದ್ರೂ ಬೋಣಿ ಮಾಡ್ತೀನಿ, ಒಂದ್ ಲೋಟ ನೀರ್ ಕುಡೀರಿ" ಎಂದು ಗೋಗರೆಯುತ್ತಿದ್ದರು. ನನ್ನನ್ನು ಕಂಡು ಏಜೆಂಟರು ಗೋಡೆ ಹಿಡಿದು ನೆಟ್ಟಗೆ ಕೂತರು.

"ಏನ್ ತಾಯಿ, ನನ್ನ ಇವತ್ತು ಉಪಾಸ ಸಾಯಿಸ್ಬೇಕು ಅಂತಿದ್ರಾ?"

"ನಿಮ್ಗೆ ಅನುಕೂಲ ಆಗ್ಲಿ ಅಂತ ತಡವಾಗಿ ಬಂದೆ. ಜನ ಏನಂತಾರೆ ಅಂತ ಕೇಳಿದೀನಿ."

"ನಾನೂ ಕೇಳಿದೀನಿ. ನನ್ ಅನುಕೂಲ ನಾನ್ ನೋಡ್ಕತೀನಿ. ನೀವು ಬಟ್ಟೆ ನೋಡಿ" ಎಂದು ಗಂಟಿನ ಹಗ್ಗಕ್ಕೆ ಕೈ ಹಾಕಿದರು. ಗಂಟು ಬಿಗಿದುಕೊಂಡಿತ್ತು, ಅವರ ಬೆರಳಿಗೆ ಬಲವಿರಲಿಲ್ಲ. ನಾನೇ ಬಿಚ್ಚಿದೆ. ನಾನು ಆರ್ಡರ್ ಹೇಳಿದೆ. ಅವರು ಬರೆದು, ಪುಸ್ತಕ ಕಣ್ಣಿಗೊತ್ತಿಕೊಂಡು, ಆಮೇಲೆ ನೀರು ಕುಡಿದರು.

ಆ ವರ್ಷ ಅವರ ವ್ಯಾಪಾರ ಸುಧಾರಿಸಿತೆಂದು ಬರೆಯಲು ನನಗೂ ಆಸೆ. ಸುಧಾರಿಸಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟಕ್ಕಷ್ಟೇ. ಅವರು ಗಂಟು ಕಟ್ಟಿಕೊಂಡೇ ಕಾಯುತ್ತಿದ್ದರು, ನಾನು ಬೆಳಗಿನ ರೈಲು ತಪ್ಪಿಸುತ್ತಿರಲಿಲ್ಲ.

ಮತ್ತೊಂದು ದೀಪಾವಳಿಯ ಮೇಳದಲ್ಲಿ ಆ ಮೂಲೆ ಖಾಲಿಯಿತ್ತು. ಜಮಖಾನವೂ ಇರಲಿಲ್ಲ. ಗೋಡೆಯ ಮೊಳೆಗಳು ಮಾತ್ರ ಇದ್ದವು. ಲಿಂಗದಹಳ್ಳಿಯವರು ಹತ್ತಿರ ಬಂದು, "ಹೋದ್ ತಿಂಗ್ಳು ಹೋಗ್ಬಿಟ್ರಂತೆ ಕಣಮ್ಮ. ಎದೆ ನೋವು ಅಂದ್ರಂತೆ, ಅಷ್ಟೇ" ಎಂದರು. ಬೇರೆ ಏಜೆಂಟರು ಈಗ ನನ್ನನ್ನು ಕರೆಯುತ್ತಿದ್ದರು, "ಬನ್ನಿ ಅಮ್ಮಾರೇ, ಇಲ್ಲಿ ಕೂತ್ಕಳಿ" ಎನ್ನುತ್ತಿದ್ದರು. ಯಾರಿಗೂ ಆರ್ಡರ್ ಕೊಡಲು ಮನಸ್ಸಾಗಲಿಲ್ಲ. ಮೆಟ್ಟಿಲಿಳಿದು ತರೀಕೆರೆಯ ಬಸ್ಸು ಹತ್ತಿದೆ.

ಕೇಳಿಕೊಂಡು ಹೋಗಿ ಮನೆ ಹುಡುಕಿದೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಬಿಳಿ ಸೀರೆಯ ಮುದುಕಿಯೊಬ್ಬರು ಬಾಗಿಲು ತೆಗೆದರು. ಏಜೆಂಟರ ಅಕ್ಕ. ಅವರಿಗೊಬ್ಬರು ಅಕ್ಕ ಇದ್ದಾರೆಂಬುದೇ ನನಗೆ ತಿಳಿದಿರಲಿಲ್ಲ. ಅಜ್ಜಂಪುರ ಎಂದ ಕೂಡಲೇ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನೀನೇನಾ ಬೋಣಿ ಅಮ್ಮ? ಒಳಗ್ ಬಾ ತಾಯಿ" ಎಂದರು.

ಚಾಪೆಯ ಮೇಲೆ ಕೂರಿಸಿಕೊಂಡು ಹೇಳಿದರು. ಎಳೆ ಪ್ರಾಯದಲ್ಲೇ ಗಂಡನನ್ನು ಕಳಕೊಂಡು ಈ ಮನೆ ಸೇರಿದವರಂತೆ. ತಾಯಿ ಇಲ್ಲದ ತಮ್ಮನನ್ನು ಸಾಕಿದವರೂ ಅವರೇ. ಆದರೆ ಆ ತಮ್ಮ ಮಾದರಿ ಗಂಟು ಹೊತ್ತು ವ್ಯಾಪಾರಕ್ಕೆ ಹೊರಡುವಾಗ ಅವರು ಅಡುಗೆಮನೆಯ ಬಾಗಿಲು ಎಳೆದುಕೊಂಡು ಒಳಗೆ ಕೂರಬೇಕಿತ್ತು. ಅವನು ಬೀದಿ ದಾಟಿದ ಮೇಲೆ ಹೊರಗೆ ಬರುವುದು. "ಯಾರೂ ಹೇಳಿದ್ದಲ್ಲ ಕಣಮ್ಮ. ನಾನೇ ಕೂರ್ತಿದ್ದೆ. ಅವ್ನೂ ಬಾ ಅಂತಿರ್ಲಿಲ್ಲ" ಎಂದರು.

ನಾನು ಮೊದಲ ಬೋಣಿ ಮಾಡಿದ ಮೇಲೆ, ಯುಗಾದಿಯ ಮೇಳಕ್ಕೆ ಹೊರಟ ಬೆಳಿಗ್ಗೆ ಆ ತಮ್ಮ ಗಂಟನ್ನು ಹೊಸ್ತಿಲ ಬಳಿ ಇಟ್ಟು ಕೂಗಿದನಂತೆ: "ಅಕ್ಕ, ಹೊರಗ್ ಬಾ. ಗಂಟು ಎತ್ಕೊಡು." ಇವರು ಬರಲಿಲ್ಲ. ಏನೋ ಬುದ್ಧಿ ಕೆಟ್ಟಿದೆ ಎಂದುಕೊಂಡರಂತೆ. ಅವನು ಹೊಸ್ತಿಲ ಮೇಲೇ ಕೂತ. ಮೊದಲ ಬಸ್ಸು ಹೋಯಿತು, ಅವನು ಏಳಲಿಲ್ಲ. ಕೊನೆಗೆ ಇವರೇ ಬಂದು, ಅಳುತ್ತ ಗಂಟು ಎತ್ತಿ ತಲೆಯ ಮೇಲಿಟ್ಟು, ಬೀದಿಗಿಳಿದು ಎದುರಿಗೆ ನಿಂತು ಕಳಿಸಿದರಂತೆ. ಅಂದಿನಿಂದ ಪ್ರತಿ ಸಲವೂ ಹಾಗೆಯೇ.

"ಫ್ರಾಕಿನ ಬಣ್ಣ ಹೋಯ್ತಲ್ಲ, ಆ ವರ್ಷ ನಾನು ಮತ್ತೆ ಒಳಗ್ ಕೂತ್ಬಿಟ್ಟೆ" ಎಂದರು. "ನನ್ನಿಂದ್ಲೇ ಹಿಂಗಾಯ್ತು ಕಣೋ, ಇನ್ ನಾನ್ ಎದುರಿಗ್ ಬರಕಿಲ್ಲ ಅಂದೆ. ಅದ್ಕೆ ಅವ್ನು ಏನಂದ ಗೊತ್ತಾ? 'ಕಮ್ಮಿ ಆದ ವರ್ಷ ಏನ್ಮಾಡ್ತೀರಿ ಅಂತ ಅಜ್ಜಂಪುರದಮ್ಮ ಕೇಳಿದಾಳೆ. ಅವಳಿಗೆ ಉತ್ರ ಕೊಡ್ಬೇಕು, ಎದ್ದು ಬಾ ಅಕ್ಕ' ಅಂದ."

ನಾನು ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ಅವರು ಅಷ್ಟು ವರ್ಷ ಮಡಿಲಲ್ಲಿಟ್ಟುಕೊಂಡಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಮುದುಕಿ ಅಳಲಿಲ್ಲ. ನನ್ನ ಬೆನ್ನು ಸವರುತ್ತ, "ಇವತ್ತು ಕಡೂರಲ್ಲಿ ಬರ್ಸಿದ್ಯಾ?" ಎಂದು ಕೇಳಿದರು.

"ಇಲ್ಲ. ಯಾರಿಗ್ ಬರ್ಸೋದು?"

"ಯಾರಿಗಾದ್ರೂ ಬರ್ಸು. ನಾಳೆ ಇನ್ನೊಂದ್ ದಿನ ಐತಲ್ಲ. ಎಲ್ಲರಿಗಿಂತ ಮುಂಚೆ ಹೋಗಿ ಕೂತ್ಕ. ಹಬ್ಬಕ್ಕೆ ಅಂಗ್ಡಿ ಖಾಲಿ ಇಟ್ರೆ ಅವ್ನು ಬೈತಾನೆ."

ಬಸ್ಸಿನ ಹೊತ್ತಾಯಿತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರು "ತಡಿ" ಎಂದರು. ನನಗಿಂತ ಮುಂಚೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬೀದಿಗೆ ಹೋದರು. ತಿರುಗಿ, ಸೆರಗು ಸರಿಪಡಿಸಿಕೊಂಡು, ಬಾಗಿಲಿಗೆ ಸರಿಯಾಗಿ ಎದುರಿಗೆ ನಿಂತರು.

"ಈಗ ಹೊರಡು. ಅವ್ನೂ ಹಿಂಗೇ ಹೋಗ್ತಿದ್ದ" ಎಂದರು.

ನಾನು ಅವರ ಮುಖ ನೋಡುತ್ತ ಮೆಟ್ಟಿಲಿಳಿದೆ.